ಪೆನ್ ಡ್ರೈವ್ ಇದ್ದರೆ ಮಾತ್ರ ಏಳುವ ಲ್ಯಾಪ್‌ಟಾಪ್

ನಮ್ಮ ಶಾಲೆಯ ಗಣಕ ಕೊಠಡಿಯ ಮೂಲೆಯಲ್ಲಿರುವ ಒಂದು ಲ್ಯಾಪ್‌ಟಾಪಿನ ಕತೆಯನ್ನು ಈ ಸಲ ಹೇಳಬೇಕಾಗಿದೆ. ಹಳೆ ವಿದ್ಯಾರ್ಥಿಯೊಬ್ಬರು ತಾವು ಬಳಸಿ ಬಿಟ್ಟದ್ದನ್ನು ಶಾಲೆಗೆ ಕೊಟ್ಟದ್ದು. ಇಲಾಖೆಯಿಂದ ಬಂದ ಯಂತ್ರಗಳು ಕೆಟ್ಟರೆ ದೂರು ಕೊಡುವ ದಾರಿ ಇದೆ, ಇದಕ್ಕೆ ಯಾವ ದಾರಿಯೂ ಇಲ್ಲ. ಕೆಟ್ಟರೆ ನಾವೇ ವೈದ್ಯರು.

ಅದಕ್ಕೆ ಉಬುಂಟು ಹಾಕಿದವರೂ ನಾವೇ. ಹಾಕಿದ ದಿನದಿಂದಲೂ ಅದಕ್ಕೊಂದು ವಿಚಿತ್ರ ಗುಣವಿತ್ತು. ಯಾವ ಪೆನ್ ಡ್ರೈವಿನಿಂದ ಲಿನಕ್ಸ್ ಹಾಕಿದ್ದೆವೋ ಆ ಪೆನ್ ಡ್ರೈವ್ ಚುಚ್ಚಿದ್ದರೆ ಮಾತ್ರ ಯಂತ್ರ ಏಳುತ್ತಿತ್ತು. ತೆಗೆದರೆ ಕಪ್ಪು ಪರದೆಯ ಮೇಲೆ ಬೂಟ್ ಮಾಡುವ ಸಾಧನ ಯಾವುದೂ ಇಲ್ಲ ಎಂಬ ಒಂದೇ ಸಾಲು. ಎದ್ದ ಮೇಲೆ ಕಾಣುತ್ತಿದ್ದದ್ದು ಪೆನ್ ಡ್ರೈವಿನೊಳಗಿನ ಲೈವ್ ಲಿನಕ್ಸ್ ಅಲ್ಲ, ಯಂತ್ರದೊಳಗೆ ನಾವು ಹಾಕಿದ್ದ ಲಿನಕ್ಸೇ. ಹಾಗಾಗಿ ನಾವೂ ತಲೆ ಕೆಡಿಸಿಕೊಳ್ಳಲಿಲ್ಲ. ಪೆನ್ ಡ್ರೈವಿಗೆ ಕೆಂಪು ನೂಲು ಕಟ್ಟಿ "ಇದು ಬೀಗದ ಕೈ" ಎಂದು ಮಕ್ಕಳಿಗೆ ಹೇಳಿಕೊಟ್ಟೆವು. ಒಂದು ವರ್ಷ ಹಾಗೆಯೇ ನಡೆಯಿತು.

ಆಮೇಲೆ ಒಂದು ದಿನ, ಪರೀಕ್ಷೆಯ ಗಡಿಬಿಡಿಯಲ್ಲಿ, ಯಾರೋ ಆ ಪೆನ್ ಡ್ರೈವನ್ನು ಖಾಲಿ ಮಾಡಿ ಶಾಲಾ ವಾರ್ಷಿಕೋತ್ಸವದ ಫೋಟೋ ತುಂಬಿಸಿಕೊಂಡರು. (ಯಾರು ಎಂದು ನಾವು ಕೇಳಲಿಲ್ಲ. ನೂಲು ಮಾತ್ರ ಮೇಜಿನ ಮೇಲೆ ಇತ್ತು.) ಲ್ಯಾಪ್‌ಟಾಪ್ ಅಲ್ಲಿಗೆ ಮಲಗಿತು. ಪೇಟೆಯ ಒಂದು ಅಂಗಡಿಯಲ್ಲಿ ತೋರಿಸಿದಾಗ, ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡಿ ನೋಡೋಣ, ಒಳಗಿದ್ದದ್ದು ಉಳಿಯುವುದಿಲ್ಲ ಎಂದರು.

ಒಳಗೆ ಏನಿತ್ತೆಂದರೆ, ಏಳನೇ ತರಗತಿಯ ಮಕ್ಕಳು ಮೂರು ತಿಂಗಳು ಕುಳಿತು ತಮ್ಮ ಅಜ್ಜಿ ಅಜ್ಜಂದಿರಿಂದ ಕೇಳಿ ಬರೆದ ಪದಗಳು. ಗದ್ದೆಗಳ ಹೆಸರು, ಮೀನಿನ ಹೆಸರು, ತೋಡಿನ ಹೆಸರು. ಕಾಸರಗೋಡಿನ ಕನ್ನಡದಲ್ಲಿ ಇರುವ, ತುಳು ಮಲಯಾಳಗಳ ನಡುವೆ ಓಡಾಡುವ, ಯಾವ ಪಠ್ಯಪುಸ್ತಕದಲ್ಲೂ ಸಿಗದ ಮಾತುಗಳು. ಹೇಳಿದ ಅಜ್ಜಿಯರಲ್ಲಿ ಒಬ್ಬರು ಆ ಹೊತ್ತಿಗೆ ತೀರಿಕೊಂಡಿದ್ದರು. ಫಾರ್ಮ್ಯಾಟ್ ಎಂಬ ಮಾತು ಕೇಳಿ ನಾವು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆವು.

ಮನೆಗೆ ಬಂದು ಹುಡುಕುತ್ತಾ ಹೋದಾಗ ಗೊತ್ತಾದ ಮೊದಲ ಸಂಗತಿ ಇದು: ನಮ್ಮ ಲ್ಯಾಪ್‌ಟಾಪಿನ "ರೋಗ" ಒಂದು ಕಾಲದಲ್ಲಿ ರೋಗವೇ ಆಗಿರಲಿಲ್ಲ. ಲಿನಕ್ಸ್ ಹುಟ್ಟಿದಾಗ ಎಲ್ಲ ಯಂತ್ರಗಳಲ್ಲೂ ಅದು ಹಾಗೆಯೇ ಏಳುತ್ತಿತ್ತು.

ಇದನ್ನು ಹೇಳುವ ಮೊದಲು "ಬೂಟ್" ಎಂದರೇನು ಎಂಬುದನ್ನು ಸ್ವಲ್ಪ ನೋಡೋಣ. ವಿದ್ಯುತ್ ಬಂದ ಕೂಡಲೇ ಗಣಕಯಂತ್ರಕ್ಕೆ ಏನೂ ಗೊತ್ತಿರುವುದಿಲ್ಲ. ಡಿಸ್ಕಿನಲ್ಲಿರುವ ದೊಡ್ಡ ತಂತ್ರಾಂಶವನ್ನು ಓದಲು ಒಂದು ತಂತ್ರಾಂಶ ಬೇಕು, ಅದನ್ನು ಓದಲು ಇನ್ನೊಂದು ಬೇಕು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನೇ ಮೇಲೆತ್ತಿಕೊಂಡಂತೆ ಎಂಬ ಇಂಗ್ಲಿಷ್ ಮಾತಿನಿಂದ ಈ ಹೆಸರು ಬಂತು. ನಮ್ಮ ಕಡೆಯವರಿಗೆ ಯಕ್ಷಗಾನದ ಪೂರ್ವರಂಗ ನೆನಪಿಸಿದರೆ ಸಾಕು. ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಹಾಗೆ ಒಬ್ಬರ ಹಿಂದೆ ಒಬ್ಬರು ಬಂದು ಹೋದ ಮೇಲೆಯೇ ಪ್ರಸಂಗದ ರಾಜ ರಂಗಕ್ಕೆ ಬರುವುದು. ಕೋಡಂಗಿ ಚೌಕಿಯಿಂದ ಹೊರಡದಿದ್ದರೆ ರಾಜ ಎಷ್ಟು ಬಣ್ಣ ಹಚ್ಚಿ ಕುಳಿತಿದ್ದರೂ ಪ್ರಯೋಜನವಿಲ್ಲ. ನಮ್ಮ ಲ್ಯಾಪ್‌ಟಾಪಿನಲ್ಲಿ ರಾಜ ಒಳಗೆ ಇದ್ದ. ಕೋಡಂಗಿ ಪೆನ್ ಡ್ರೈವಿನಲ್ಲಿ ಉಳಿದಿತ್ತು.

1981ರಲ್ಲಿ ಐಬಿಎಂ ಪಿಸಿ ಬಂದಾಗ ಕೋಡಂಗಿಗೆ ಕೊಟ್ಟ ಜಾಗ 512 ಬೈಟ್. ಯಂತ್ರದ ಬಯಾಸ್ ಎಂಬ ಅಂತರ್ಗತ ತಂತ್ರಾಂಶ ಫ್ಲಾಪಿಯ ಮೊದಲ 512 ಬೈಟುಗಳನ್ನು ಕಣ್ಣು ಮುಚ್ಚಿ ಓದಿ, ಅದರಲ್ಲಿ ಏನು ಬರೆದಿದೆಯೋ ಅದನ್ನು ನಡೆಸುತ್ತಿತ್ತು. 1983ರಲ್ಲಿ ಹಾರ್ಡ್ ಡಿಸ್ಕ್ ಇರುವ ಪಿಸಿ ಎಕ್ಸ್‌ಟಿ ಬಂದಾಗ ಆ 512ರಲ್ಲೇ ಪಾಲು ಹಂಚಿದರು: 446 ಬೈಟ್ ಎಬ್ಬಿಸುವ ಕೆಲಸಕ್ಕೆ, 64 ಬೈಟ್ ಡಿಸ್ಕಿನ ನಾಲ್ಕು ವಿಭಾಗಗಳ ಪಟ್ಟಿಗೆ, ಕೊನೆಯ 2 ಬೈಟ್ ಸಹಿಗೆ. ಒಂದು ಕನ್ನಡ ಅಕ್ಷರಕ್ಕೆ ಯೂನಿಕೋಡಿನ ಯುಟಿಎಫ್-8ರಲ್ಲಿ 3 ಬೈಟ್ ಬೇಕು ಎಂದು ಲೆಕ್ಕ ಹಾಕಿದರೆ 446 ಬೈಟಿನಲ್ಲಿ ನೂರೈವತ್ತು ಅಕ್ಷರವೂ ಹಿಡಿಯುವುದಿಲ್ಲ. ಅಷ್ಟರಲ್ಲಿ ಇಡೀ ಯಂತ್ರವನ್ನು ಎಬ್ಬಿಸುವ ಉಪಾಯ ಬರೆಯಬೇಕು!

1991ರ ಆಗಸ್ಟಿನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಾನೊಂದು ಕಾರ್ಯನಿರ್ವಹಣಾ ವ್ಯವಸ್ಥೆ ಬರೆಯುತ್ತಿದ್ದೇನೆಂದು ತಿಳಿಸಿದರು. ಸೆಪ್ಟೆಂಬರಿನಲ್ಲಿ 0.01 ಆವೃತ್ತಿ ಹೊರಬಂತು. (ಕನ್ನಡ ಲಿಪಿಯಿರುವ ಯೂನಿಕೋಡ್ 1.0 ಬಂದದ್ದೂ ಅದೇ 1991ರಲ್ಲಿ. ನಮ್ಮ ಮಕ್ಕಳ ಪದಪಟ್ಟಿ ಈ ಎರಡರ ಮೇಲೂ ನಿಂತಿದೆ.) ಆ ಲಿನಕ್ಸಿಗೆ ಹಾರ್ಡ್ ಡಿಸ್ಕಿನಿಂದ ತಾನಾಗಿ ಏಳುವ ಏರ್ಪಾಡು ಇರಲಿಲ್ಲ. ಕರ್ನೆಲನ್ನು ಒಂದು ಫ್ಲಾಪಿಗೆ ನೇರವಾಗಿ ಬರೆಯುತ್ತಿದ್ದರು. ಅದರ ಮೊದಲ 512 ಬೈಟುಗಳಲ್ಲೇ ಕರ್ನೆಲಿನ ಸ್ವಂತ ಕೋಡಂಗಿ ಇತ್ತು. ಉಳಿದ ಕಡತಗಳು ಎರಡನೇ ಫ್ಲಾಪಿಯಲ್ಲಿ ಅಥವಾ ಹಾರ್ಡ್ ಡಿಸ್ಕಿನಲ್ಲಿ. ಮುಖ್ಯ ಕಡತಗಳು ಎಲ್ಲಿವೆ ಎಂಬುದನ್ನು ಕರ್ನೆಲಿಗೆ ಹೇಳಲು ಆ ಮೊದಲ ಸೆಕ್ಟರಿನ 508 ಮತ್ತು 509ನೇ ಬೈಟುಗಳನ್ನು ತಿದ್ದಬೇಕಿತ್ತು. ಎರಡೇ ಎರಡು ಬೈಟ್! ಅವು ತಪ್ಪಿದರೆ ಮನೆ ಕಾಣದೆ ಕರ್ನೆಲ್ ಬಾಗಿಲಲ್ಲೇ ನಿಲ್ಲುತ್ತಿತ್ತು.

ಫ್ಲಾಪಿ ಹಾಕಿದರೆ ಮಾತ್ರ ಏಳುವ, ಆದರೆ ಎದ್ದ ಮೇಲೆ ಹಾರ್ಡ್ ಡಿಸ್ಕಿನಿಂದಲೇ ಕೆಲಸ ಮಾಡುವ ಗಣಕಯಂತ್ರ. ನಮ್ಮ ಕೆಂಪು ನೂಲಿನ ಲ್ಯಾಪ್‌ಟಾಪಿಗೂ ಅದಕ್ಕೂ ಏನು ವ್ಯತ್ಯಾಸ?

ಲಿನಸ್ ಅವರೇ ತಮ್ಮ ಆತ್ಮಕತೆಯಲ್ಲಿ ಇನ್ನೊಂದು ಸಂಗತಿ ಹೇಳಿಕೊಂಡಿದ್ದಾರೆ. ಮೊಡೆಮ್‌ಗೆ ಕಳಿಸಬೇಕಾದ ಆದೇಶವನ್ನು ಸಾಧನದ ಹೆಸರು ತಪ್ಪಿ ಹಾರ್ಡ್ ಡಿಸ್ಕಿಗೆ ಕಳಿಸಿಬಿಟ್ಟರು. ಅದರಲ್ಲಿದ್ದ ಮಿನಿಕ್ಸ್ ಹಾಳಾಯಿತು. ಅಲ್ಲಿಯವರೆಗೆ ಲಿನಕ್ಸ್ ಕಟ್ಟಲು ಆಸರೆಯಾಗಿದ್ದದ್ದೇ ಆ ಮಿನಿಕ್ಸ್. ಮತ್ತೆ ಅದನ್ನು ಹಾಕುವ ಬದಲು ಪೂರ್ತಿ ಲಿನಕ್ಸಿಗೇ ಬಂದುಬಿಟ್ಟರು. ಸಾಧನದ ಹೆಸರು ತಪ್ಪುವ ಈ ಮಾತು ನೆನಪಿರಲಿ, ಮುಂದೆ ನಮ್ಮ ತಪ್ಪೂ ಅದೇ ಜಾತಿಯದು ಎಂದು ತಿಳಿಯುತ್ತದೆ.

1992ರಲ್ಲಿ ವೆರ್ನರ್ ಆಲ್ಮೆಸ್‌ಬರ್ಗರ್ ಅವರ ಲಿಲೋ ಬಂತು. ಲಿನಕ್ಸ್ ಲೋಡರ್ ಎಂಬುದರ ಚಿಕ್ಕ ಹೆಸರು. ಫ್ಲಾಪಿಯ ಹಂಗಿಲ್ಲದೆ ಹಾರ್ಡ್ ಡಿಸ್ಕಿನಿಂದಲೇ ಲಿನಕ್ಸ್ ಎಬ್ಬಿಸುವುದು ಇದರಿಂದ ಸುಲಭವಾಯಿತು. ಆದರೆ ಲಿಲೋಗೆ ಕಡತ ಎಂದರೇನೆಂದು ತಿಳಿಯದು. ಕರ್ನೆಲ್ ಡಿಸ್ಕಿನ ಯಾವ ಯಾವ ತುಣುಕುಗಳಲ್ಲಿದೆ ಎಂಬ ಪಟ್ಟಿಯನ್ನು ಮಾತ್ರ ಇಟ್ಟುಕೊಳ್ಳುತ್ತಿತ್ತು. ಕರ್ನೆಲ್ ಬದಲಾಯಿಸಿ ಲಿಲೋವನ್ನು ಮತ್ತೆ ನಡೆಸಲು ಮರೆತರೆ, ಅದು ಹಳೆಯ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟುತ್ತಿತ್ತು. ಅರ್ಧ ದಾರಿಯಲ್ಲಿ ನಿಂತರೆ ಪರದೆಯ ಮೇಲೆ ತನ್ನ ಹೆಸರಿನ ಮೊದಲ ಒಂದೆರಡು ಅಕ್ಷರ ಮಾತ್ರ ಬರೆದು ಸುಮ್ಮನಾಗುತ್ತಿತ್ತು. ಎಷ್ಟು ಅಕ್ಷರ ಬಂತು ಎಂಬುದರಿಂದಲೇ ಎಲ್ಲಿ ಎಡವಿತು ಎಂದು ತಿಳಿಯಬೇಕು. ಮಾತು ಕಲಿಯುವ ಮಗು ಅರ್ಧ ಹೆಸರು ಹೇಳಿದಂತೆ. ನಮಗಂತೂ ಅದು ಒಳ್ಳೆಯ ಏರ್ಪಾಡೆಂದೇ ತೋರುತ್ತದೆ. ಈಗಿನ ಯಂತ್ರಗಳು ಅಷ್ಟನ್ನೂ ಹೇಳುವುದಿಲ್ಲ.

1995ರಲ್ಲಿ ಎರಿಕ್ ಬೋಲಿನ್ ಗ್ನೂ ಹರ್ಡ್ ವ್ಯವಸ್ಥೆಯನ್ನು ಎಬ್ಬಿಸುವ ಸಲುವಾಗಿ ಗ್ರಬ್ ಬರೆದರು. ಇದಕ್ಕೆ ಕಡತ ಓದಲು ಬರುತ್ತಿತ್ತು. 446 ಬೈಟಿನ ಮೊದಲ ತುಣುಕು ತನ್ನ ಪಕ್ಕದಲ್ಲೇ, ಮೊದಲ ವಿಭಾಗ ಶುರುವಾಗುವ ಮುಂಚಿನ ಖಾಲಿ ಜಾಗದಲ್ಲಿ (ಹಳೆ ಪದ್ಧತಿಯಲ್ಲಿ 62 ಸೆಕ್ಟರ್, ಸುಮಾರು 31 ಕಿಲೋಬೈಟ್) ಕುಳಿತ ಎರಡನೆಯದನ್ನು ಕರೆಯುತ್ತದೆ. ಅದು ಡಿಸ್ಕಿನ ಕಡತಗಳನ್ನು ಓದಿ, ಕರ್ನೆಲ್ ಹುಡುಕಿ, ಪಟ್ಟಿ ತೋರಿಸುತ್ತದೆ. ಇದನ್ನು ಹೊಸದಾಗಿ ಬರೆದ ಗ್ರಬ್ 2 ಅನ್ನು ಉಬುಂಟು 2009ರ ಅಕ್ಟೋಬರಿನ 9.10ರಲ್ಲಿ ತನ್ನ ಸಾಮಾನ್ಯ ಲೋಡರ್ ಮಾಡಿಕೊಂಡಿತು.

ಇನ್ನೊಂದು ಕಡೆ ಲೈವ್ ಡಿಸ್ಕುಗಳ ಕತೆ. 1992ರಲ್ಲೇ ಇಗ್‌ಡ್ರಾಸಿಲ್ ಎಂಬ ಲಿನಕ್ಸ್ ಸಿಡಿಯಿಂದಲೇ ನಡೆಯುವಂತೆ ಬಂದಿತ್ತು. ಜನಪ್ರಿಯ ಮಾಡಿದ್ದು ಮಾತ್ರ 2000ದಲ್ಲಿ ಜರ್ಮನಿಯ ಕ್ಲಾಸ್ ಕ್ನೋಪರ್ ತಂದ ಕ್ನೋಪಿಕ್ಸ್. 700 ಎಂಬಿಯ ಸಿಡಿಯಲ್ಲಿ ಸುಮಾರು 2 ಜಿಬಿಯ ತಂತ್ರಾಂಶವನ್ನು ಒತ್ತಿ ತುಂಬಿದ್ದರು. ಹಾರ್ಡ್ ಡಿಸ್ಕ್ ಮುಟ್ಟದೆಯೇ ಲಿನಕ್ಸ್ ನೋಡಬಹುದಿತ್ತು. 2004ರ ಅಕ್ಟೋಬರಿನಲ್ಲಿ ಉಬುಂಟು ಬಂತು, ಕೇಳಿದವರ ಮನೆಗೆ ಅಂಚೆಯಲ್ಲಿ ಸಿಡಿ ಉಚಿತವಾಗಿ ಕಳಿಸುತ್ತಿದ್ದರು, 2011ರವರೆಗೂ ಕಳಿಸಿದರು. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ ಆ ದಶಕದಲ್ಲೇ ಮುಕ್ತ ತಂತ್ರಾಂಶದ ಕಡೆ ಹೊರಳಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ನಮ್ಮ ಮಕ್ಕಳ ಕೈಯಲ್ಲಿರುವ ಗ್ನೂ ಲಿನಕ್ಸ್ ಆ ಹಾದಿಯಿಂದ ಬಂದದ್ದು, ಅದರ ಬುಡ ಉಬುಂಟು. ಟಿಸಿಎಚ್ ಓದುವಾಗ ಗಣಕಯಂತ್ರವನ್ನು ಗಾಜಿನ ಬಾಗಿಲಾಚೆ ನೋಡಿದ್ದ ನಮ್ಮಂಥವರು ಕರ್ನೆಲ್ ಎಂಬ ಶಬ್ದ ಕಲಿತದ್ದೂ ಆ ತರಬೇತಿಗಳಲ್ಲೇ.

2006ರ ಜೂನಿನ ಉಬುಂಟು 6.06ರಲ್ಲಿ ಲೈವ್ ಸಿಡಿ ಬೇರೆ, ಹಾಕುವ ಸಿಡಿ ಬೇರೆ ಎಂಬ ಭೇದ ಹೋಯಿತು. ಲೈವ್ ಆಗಿ ನೋಡುತ್ತಲೇ, ಅದರೊಳಗಿನಿಂದಲೇ ಯಂತ್ರಕ್ಕೆ ಹಾಕಬಹುದು. ಬಹಳ ಅನುಕೂಲ. ಆದರೆ ನಮ್ಮ ಕಷ್ಟದ ಬೀಜವೂ ಇಲ್ಲೇ ಬಿತ್ತು. ಸಿಡಿಯ ಮೇಲೆ ಯಾರೂ ಏನನ್ನೂ ಬರೆಯಲಾರರು. ಸಿಡಿಯ ಜಾಗಕ್ಕೆ ಪೆನ್ ಡ್ರೈವ್ ಬಂದಾಗ ಅದರ ಮೇಲೆ ಬರೆಯಬಹುದು. ಲಿನಕ್ಸಿನ ಕಣ್ಣಿಗೆ ಅದೂ ಒಂದು ಡಿಸ್ಕೇ.

ಹೆಸರಿನ ಗೊಂದಲವೂ ಸೇರಿತು. ಲಿನಕ್ಸಿನಲ್ಲಿ ಸಾಟಾ ಹಾರ್ಡ್ ಡಿಸ್ಕಿಗೂ ಪೆನ್ ಡ್ರೈವಿಗೂ ಎಸ್‌ಡಿ ಎಂಬ ಒಂದೇ ಮನೆತನದ ಹೆಸರು. ಮೊದಲನೆಯದು ಎಸ್‌ಡಿಎ, ಎರಡನೆಯದು ಎಸ್‌ಡಿಬಿ, ಹೀಗೆ. ವರ್ಷಗಟ್ಟಲೆ ಒಳಗಿನ ಡಿಸ್ಕ್ ಎಸ್‌ಡಿಎ ಆಗಿರುತ್ತಿತ್ತು, ಎಲ್ಲರೂ ಹಾಗೆಯೇ ಬಾಯಿಪಾಠ ಮಾಡಿದ್ದೆವು. ಹೊಸ ಎನ್‌ವಿಎಂಇ ಡಿಸ್ಕುಗಳಿಗೆ ಬೇರೆಯೇ ಹೆಸರು ಬಂದಾಗ, ಎಸ್‌ಡಿಎ ಎಂಬ ಮೊದಲ ಪೀಠ ಖಾಲಿಯಾಯಿತು. ಅದರ ಮೇಲೆ ಪೆನ್ ಡ್ರೈವ್ ಬಂದು ಕುಳಿತಿತು.

ಇಷ್ಟರ ನಡುವೆ ಎಬ್ಬಿಸುವ ಕ್ರಮವೇ ಬದಲಾಗಿತ್ತು. ಇಂಟೆಲ್ ತನ್ನ ಇಟೇನಿಯಂ ಯಂತ್ರಗಳಿಗಾಗಿ 1990ರ ದಶಕದ ಕೊನೆಯಲ್ಲಿ ರೂಪಿಸಿದ ಇಎಫ್‌ಐ, 2005ರಲ್ಲಿ ಹಲವು ಕಂಪನಿಗಳ ಕೂಟದ ಕೈಗೆ ಬಂದು ಯುಇಎಫ್‌ಐ ಎನಿಸಿಕೊಂಡಿತು. ಇದರಲ್ಲಿ 446 ಬೈಟಿನ ಇಕ್ಕಟ್ಟಿಲ್ಲ. ಡಿಸ್ಕಿನಲ್ಲಿ ಫ್ಯಾಟ್ ಮಾದರಿಯ ಒಂದು ಪುಟ್ಟ ವಿಭಾಗ, ಅದರೊಳಗೆ ಎಬ್ಬಿಸುವ ಕಡತಗಳು. ಯಾವ ಕಡತ ನಡೆಸಬೇಕು ಎಂಬ ವಿಳಾಸಗಳ ಪಟ್ಟಿ ಮದರ್‌ಬೋರ್ಡಿನ ಸ್ಮೃತಿಯಲ್ಲಿ. ಪೆನ್ ಡ್ರೈವಿನಂಥ ಹೊರಗಿನ ಸಾಧನಗಳಿಗೆ ಪಟ್ಟಿಯಲ್ಲಿ ವಿಳಾಸ ಇಲ್ಲದಿದ್ದರೂ ನಡೆಯುತ್ತದೆ, ಒಂದು ಗೊತ್ತಾದ ಹೆಸರಿನ ಕಡತ ಗೊತ್ತಾದ ಜಾಗದಲ್ಲಿದ್ದರೆ ಸಾಕು. 2012ರಲ್ಲಿ ವಿಂಡೋಸ್ 8ರ ಜೊತೆ ಸೆಕ್ಯೂರ್ ಬೂಟ್ ಎಂಬ ಸಹಿ ನೋಡುವ ಕ್ರಮವೂ ಬಂತು. ಲಿನಕ್ಸಿನವರು ಆ ಸಹಿ ಪಡೆದ ಶಿಮ್ ಎಂಬ ಚಿಕ್ಕ ಕಡತವನ್ನು ಗ್ರಬ್‌ನ ಮುಂದೆ ನಿಲ್ಲಿಸಿದರು. ಕೋಡಂಗಿಗೂ ಒಬ್ಬ ಕೋಡಂಗಿ! (2024ರ ಆಗಸ್ಟಿನಲ್ಲಿ ವಿಂಡೋಸಿನ ಒಂದು ಅಪ್‌ಡೇಟ್ ಹಳೆಯ ಶಿಮ್‌ಗಳನ್ನು ನಿರಾಕರಿಸಿದಾಗ ಎರಡೂ ವ್ಯವಸ್ಥೆ ಇದ್ದ ಅನೇಕ ಯಂತ್ರಗಳಲ್ಲಿ ಲಿನಕ್ಸ್ ಏಳದಾಯಿತು. ನಮ್ಮದರಲ್ಲಿ ವಿಂಡೋಸ್ ಇರಲಿಲ್ಲವಾಗಿ ಆ ಶಂಕೆ ಬೇಗ ಬಿಟ್ಟೆವು.)

ಈಗ ನಮ್ಮ ಲ್ಯಾಪ್‌ಟಾಪಿಗೆ ಬರೋಣ. ಬೇರೊಂದು ಪೆನ್ ಡ್ರೈವಿನಲ್ಲಿ ಹೊಸದಾಗಿ ಲೈವ್ ಉಬುಂಟು ಮಾಡಿ ಎಬ್ಬಿಸಿದೆವು. ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಆದೇಶ ಕೊಟ್ಟಾಗ ಒಳಗಿನ ಎನ್‌ವಿಎಂಇ ಡಿಸ್ಕ್ ಪೂರ್ತಿ ಆರೋಗ್ಯವಾಗಿ ಕುಳಿತಿತ್ತು. ಎರಡು ವಿಭಾಗ. ದೊಡ್ಡದನ್ನು ತೆರೆದರೆ ಮಕ್ಕಳ ಕಡತಗಳು ಹಾಗೆಯೇ ಇದ್ದವು, ಒಂದೂ ಹೋಗಿರಲಿಲ್ಲ. ಮೊದಲು ಅವನ್ನು ಎರಡು ಕಡೆ ನಕಲು ಮಾಡಿದೆವು. ಆ ರಾತ್ರಿ ಇನ್ನೇನೂ ಮಾಡಲಿಲ್ಲ, ಊಟ ಮಾಡಿ ಮಲಗಿದೆವು.

ಮರುದಿನ ಚಿಕ್ಕ ವಿಭಾಗ ತೆರೆದು ನೋಡಿದೆವು. 512 ಎಂಬಿ ಜಾಗ, ಇಎಫ್‌ಐ ಕಡತಗಳು ಇರಬೇಕಾದದ್ದು, ಪೂರ್ತಿ ಖಾಲಿ. ಆಗ ಎಲ್ಲ ಅರ್ಥವಾಯಿತು. ಹಿಂದಿನ ಪೆನ್ ಡ್ರೈವನ್ನು ನಾವು ಕೆಲಸ ಉಳಿಸಿಕೊಳ್ಳುವ ಜಾಗವಿರುವಂತೆ ಮಾಡಿದ್ದೆವು, ಅದರಲ್ಲೂ ಒಂದು ಇಎಫ್‌ಐ ವಿಭಾಗ ಇತ್ತು. ಲಿನಕ್ಸ್ ಹಾಕುವಾಗ ತಂತ್ರಾಂಶ ತನಗೆ ಮೊದಲು ಕಂಡ ಇಎಫ್‌ಐ ವಿಭಾಗವನ್ನೇ ಹಿಡಿಯಿತು. ಮೊದಲು ಕಂಡದ್ದು ಎಸ್‌ಡಿಎ, ಅಂದರೆ ಪೆನ್ ಡ್ರೈವ್. ಹಾಕುವಾಗ ತೆರೆಯುವ ಪುಟಗಳನ್ನು ಓದದೆ ಮುಂದೆ ಮುಂದೆ ಒತ್ತಿದವರು ನಾವೇ. ಮಕ್ಕಳಿಗೆ ಪ್ರಶ್ನೆಪತ್ರಿಕೆ ಎರಡು ಸಲ ಓದಿ ಎನ್ನುವವರೂ ನಾವೇ.

ಸರಿಪಡಿಸಲು ಹೊರಟಾಗ ಎರಡು ಸಲ ಎಡವಿದೆವು. ಕ್ರಮ ಗೊತ್ತಿತ್ತು: ಲೈವ್ ಲಿನಕ್ಸಿನಿಂದ ಒಳಗಿನ ದೊಡ್ಡ ವಿಭಾಗವನ್ನು ಜೋಡಿಸಿ, ಅದರ ಬೂಟ್-ಇಎಫ್‌ಐ ಕೋಶಕ್ಕೆ ಒಳಗಿನ ಚಿಕ್ಕ ವಿಭಾಗವನ್ನು ಜೋಡಿಸಿ, ಚ್ರೂಟ್ ಆದೇಶದಿಂದ ಒಳಗಿನ ಲಿನಕ್ಸಿನೊಳಗೆ ಕಾಲಿಟ್ಟು, ಗ್ರಬ್ ಇನ್‌ಸ್ಟಾಲ್ ನಡೆಸುವುದು. ನಡೆಸಿದರೆ ಒಪ್ಪಲೇ ಇಲ್ಲ. ಒಂದು ಗಂಟೆ ಕಳೆದ ಮೇಲೆ ತಿಳಿದದ್ದು, ನಾವು ಲೈವ್ ಪೆನ್ ಡ್ರೈವನ್ನೇ ಹಳೆಯ ಬಯಾಸ್ ಕ್ರಮದಲ್ಲಿ ಎಬ್ಬಿಸಿದ್ದೆವು. ಯಂತ್ರದ ಬೂಟ್ ಪಟ್ಟಿಯಲ್ಲಿ ಒಂದೇ ಪೆನ್ ಡ್ರೈವಿನ ಹೆಸರು ಎರಡು ಸಲ ಇರುತ್ತದೆ, ಒಂದರ ಮುಂದೆ ಯುಇಎಫ್‌ಐ ಎಂದಿರುತ್ತದೆ. ಅದನ್ನು ಆರಿಸಬೇಕು. ಆರಿಸಿದ್ದು ಸರಿಯೋ ಎಂದು ನೋಡಲು ಸಿಸ್ ಕೋಶದ ಒಳಗಿನ ಫರ್ಮ್‌ವೇರ್ ಕೋಶದಲ್ಲಿ ಇಎಫ್‌ಐ ಎಂಬ ಕೋಶ ಇದೆಯೇ ನೋಡಿದರೆ ಸಾಕು. ಇಲ್ಲದಿದ್ದರೆ ಮದರ್‌ಬೋರ್ಡಿನ ವಿಳಾಸಪಟ್ಟಿಗೆ ನಮ್ಮ ಕೈ ಎಟುಕುವುದಿಲ್ಲ.

ಎರಡನೇ ಸಲ ಗ್ರಬ್ ಕುಳಿತಿತು. ಪೆನ್ ಡ್ರೈವ್ ತೆಗೆದು ಎಬ್ಬಿಸಿದೆವು. ಗ್ರಬ್ ಬಂತು, ಉಬುಂಟು ಶುರುವಾಯಿತು, ಆಮೇಲೆ ಒಂದೂವರೆ ನಿಮಿಷ ಏನೂ ಇಲ್ಲ. ಕೊನೆಗೆ ತುರ್ತು ಸ್ಥಿತಿ ಎಂದು ಹೇಳಿ ಕಪ್ಪು ಪರದೆಯಲ್ಲಿ ನಿಂತಿತು. ಎಲ್ಲ ಸರಿಯಿದ್ದೂ ಏಕೆ? ಯಾವ ವಿಭಾಗವನ್ನು ಎಲ್ಲಿಗೆ ಜೋಡಿಸಬೇಕು ಎಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ, ಇಎಫ್‌ಐ ವಿಭಾಗದ ಗುರುತಿನ ಸಂಖ್ಯೆ ಎಂದು ಹಳೆಯ ಪೆನ್ ಡ್ರೈವಿನದ್ದೇ ಉಳಿದಿತ್ತು. ಈಗ ಪ್ರಪಂಚದಲ್ಲೇ ಇಲ್ಲದ ಆ ವಿಭಾಗಕ್ಕಾಗಿ ಯಂತ್ರ 90 ಸೆಕೆಂಡು ಕಾದು ಕೈಚೆಲ್ಲುತ್ತಿತ್ತು. 1992ರವರು ತಿದ್ದುತ್ತಿದ್ದ ಎರಡು ಬೈಟಿನ ಕೆಲಸವೇ ಇದೂ, ಬರೆಯುವ ಜಾಗ ಮಾತ್ರ ಬೇರೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ನಮ್ಮ ಹಿರಿಯರ ಮನೆ ಅಲ್ಲೇ ಇತ್ತು, ವಿಳಾಸ ಮಾತ್ರ ಬದಲಾಯಿತು. ಹಳೆಯ ಕಾಗದ ಹಿಡಿದು ಕಚೇರಿ ಅಲೆದವರ ಕತೆಗಳನ್ನು ಮನೆಯಲ್ಲಿ ಕೇಳಿದ್ದೇವೆ. ಅದು ನೆನಪಾಗಿ ನಗು ಬಂತು.

ಒಂದು ಸಾಲು ತಿದ್ದಿದೆವು, ಬಿಎಲ್‌ಕೆಐಡಿ ಆದೇಶ ತೋರಿಸಿದ ಒಳಗಿನ ವಿಭಾಗದ ಸಂಖ್ಯೆ ಹಾಕಿದೆವು. ಮದರ್‌ಬೋರ್ಡಿನ ಸ್ಮೃತಿ ಎಂದಾದರೂ ವಿಳಾಸ ಮರೆತರೂ ಏಳಲಿ ಎಂದು, ಪೆನ್ ಡ್ರೈವುಗಳಿಗೆ ಗೊತ್ತುಮಾಡಿದ ಆ ಸಾಮಾನ್ಯ ಹೆಸರಿನಲ್ಲೂ ಒಂದು ಪ್ರತಿ ಒಳಗಿನ ಡಿಸ್ಕಿನಲ್ಲಿ ಇಟ್ಟೆವು. ಗ್ರಬ್ ಇನ್‌ಸ್ಟಾಲ್ ಆದೇಶಕ್ಕೆ ರಿಮೂವೆಬಲ್ ಎಂಬ ಆಯ್ಕೆ ಸೇರಿಸಿದರೆ ಅದಾಗುತ್ತದೆ. ಹಾಕಲು ಹೊಸ ಯಂತ್ರ ಸಿಕ್ಕಿದವರು, ಲಿನಕ್ಸ್ ಹಾಕಿ ಮುಗಿದ ಕೂಡಲೇ ಪೆನ್ ಡ್ರೈವ್ ತೆಗೆದು ಒಮ್ಮೆ ಎಬ್ಬಿಸಿ ನೋಡಿ. ನಾವು ಅದನ್ನು ಒಂದು ವರ್ಷ ತಡವಾಗಿ ನೋಡಿದೆವು.

ಸೋಮವಾರ ಲ್ಯಾಪ್‌ಟಾಪನ್ನು ತರಗತಿಗೆ ಒಯ್ದಾಗ ಒಬ್ಬ ಹುಡುಗಿ ಅಭ್ಯಾಸದಂತೆ ಕೆಂಪು ನೂಲು ಹುಡುಕಿದಳು. ಬೀಗದ ಕೈ ಬೇಡ, ಗುಂಡಿ ಒತ್ತು ಎಂದೆವು. ಪದಪಟ್ಟಿ ತೆರೆದಾಗ ಅವಳು ಮೊದಲು ಹುಡುಕಿದ್ದು ತನ್ನ ಅಜ್ಜಿ ಹೇಳಿದ ಹದಿನಾರು ಮೀನಿನ ಹೆಸರುಗಳನ್ನು. ಎಣಿಸಿದಳು, ಹದಿನಾರೂ ಇದ್ದವು. ಹದಿನೇಳನೆಯದು ಈಗ ನೆನಪಾಯಿತು ಸರ್, ಸೇರಿಸಲಾ ಎಂದು ಕೇಳಿದಳು.